ಒಂಟಿಕಾಲಿನ ಕಥೆ

ಏಳು ದಿಣ್ಣೆಯ ಆಚೆ, ಎಪ್ಪತ್ತು ಹುಣಸೆಮರದ ಈಚೆ ಒಂದೂರಿತ್ತಂತೆ. ಆ ಊರಿನ ಪಟೇಲನಿಗೆ ಕಥೆಯೆಂದರೆ ಬಲು ಆಸೆ, ಆದರೆ ಕೂತು ಕೇಳುವ ಮೈಯಲ್ಲ. ಒಂದು ದಿನ ಮುದುಕಿಯೊಬ್ಬಳನ್ನು ಕರೆಸಿ ‘ಹೇಳು’ ಅಂದ. ಮುದುಕಿ ಶುರುಮಾಡಿದಳು. ಪಟೇಲ ಒಂದು ಸಲ ಊಂ ಅಂದ, ಎರಡು ಸಲ ಊಂ ಅಂದ, ಮೂರನೆಯ ಸಲಕ್ಕೆ ಎದ್ದು ಊಟಕ್ಕೆ ಹೋದ. ಕಥೆ ಅರ್ಧಕ್ಕೆ ನಿಂತಿತು. ಅರ್ಧಕ್ಕೆ ನಿಂತ ಕಥೆಗೆ ಒಂದೇ ಕಾಲು. ಅದು ಕುಂಟುತ್ತ ಕುಂಟುತ್ತ ಪಟೇಲನ ಮನೆ ಹುಡುಕಿಕೊಂಡು ಬಂತು. ಬಾಗಿಲು ತಟ್ಟಿತು. ‘ಯಾರದು?’ ಅಂದರೆ, ‘ನನ್ನ ಇನ್ನೊಂದು ಕಾಲು ಕೊಡು’ ಅಂದಿತಂತೆ.

ಹರಿತಾ ಐದು ವರ್ಷದವಳಿದ್ದಾಗ ಈ ಕಥೆ ಕೇಳಿದ್ದಳು. ಆಮೇಲೆ ಎಷ್ಟೋ ದಿನ, ಬಾಗಿಲು ತಟ್ಟಿದ ಸದ್ದಾದರೆ ಅವಳು ಮೊದಲು ನೋಡುತ್ತಿದ್ದದ್ದು ಬಂದವರ ಕಾಲನ್ನು.

ಅವಳ ಅಜ್ಜಿ ಚಿಕ್ಕವೆಂಕಟಮ್ಮನ ಕಥೆಗಳಿಗೆ ಎರಡು ಕಟ್ಟಳೆ. ಕಥೆಯಲ್ಲಿ ಸಾವೋ ಕೇಡೋ ಬರುವುದಿದ್ದರೆ ಅಜ್ಜಿ ಮೊದಲೇ ಹೇಳಿಬಿಡುವಳು: “ಮುಂದೆ ಕೇಡೈತೆ ಕಣ್ರಪ್ಪಾ. ಎದ್ದು ಹೋಗೋರು ಈಗ್ಲೇ ಎದ್ದು ಹೋಗಿ, ಆಮೇಲೆ ಬಂದು ಸೇರ್ಕೊಳ್ಳಿ.” ಮಕ್ಕಳಲ್ಲಿ ಒಬ್ಬರೋ ಇಬ್ಬರೋ ಎದ್ದು ಹಿತ್ತಲಿಗೆ ಹೋಗಿ, ರಾಕ್ಷಸ ಸತ್ತ ಮೇಲೆ ವಾಪಸ್ಸು ಬರುತ್ತಿದ್ದರು. ಅವರನ್ನು ಪುಕ್ಕಲರು ಎಂದು ಯಾರೂ ಆಡಿಕೊಳ್ಳುವಂತಿರಲಿಲ್ಲ. ಇನ್ನೊಂದು ಕಟ್ಟಳೆ, ಕೇಳುವವರು ಮಾತುಮಾತಿಗೂ ಊಂ ಅನ್ನಬೇಕು. ಊಂ ನಿಂತರೆ ಕಥೆಯೂ ನಿಂತಿತು. ಮಕ್ಕಳು ನಿದ್ದೆಹೋದ ಜಾಗದಿಂದಲೇ ಅಜ್ಜಿ ಮರುದಿನ ಎತ್ತಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳುವ ಮನಸ್ಸಿಲ್ಲದವರ ಮೇಲೆ ಕಥೆ ಸುರಿಯುವುದು, ಊಟ ಬೇಡವೆಂದವರ ಬಾಯಿಗೆ ಮುದ್ದೆ ತುರುಕಿದಂತೆ ಎಂಬುದು ಅವಳ ಮಾತು.

ಅವರ ಮನೆ ಸಾದಲಿಯಿಂದ ಎರಡು ಮೈಲಿ ಒಳಗೆ. ಹರಿತಾಳ ಅಪ್ಪ ಮುನಿಶಾಮಪ್ಪನಿಗೆ ಎರಡೆಕರೆ ಹಿಪ್ಪುನೇರಳೆ ತೋಟ, ಮನೆಗಂಟಿಕೊಂಡೇ ರೇಷ್ಮೆ ಹುಳದ ಮನೆ. ಅಮ್ಮ ವೆಂಕಟರತ್ನಮ್ಮ. ಅಣ್ಣ ಚಿರಂಜೀವಿ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದು, ಭಾನುವಾರಕ್ಕೊಮ್ಮೆ ಬರುವವನು. ಹರಿತಾ ಶಿಡ್ಲಘಟ್ಟದ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎ. ಇವರಲ್ಲದೆ ಗೋಡೆಯ ಮೇಲೆ ಫೋಟೋದಲ್ಲಿ ಒಬ್ಬಳಿದ್ದಳು, ಅಕ್ಕ ಭಾರ್ಗವಿ. ಅವಳೂ ಅದೇ ಕಾಲೇಜಿಗೆ ಹೋಗಿ, ನಡುವೆಯೇ ಬಿಟ್ಟು, ಚಿಂತಾಮಣಿ ಕಡೆಯ ಹಳ್ಳಿಗೆ ಮದುವೆಯಾಗಿ ಹೋದವಳು. ಒಂಬತ್ತೇ ತಿಂಗಳಿಗೆ ಗಂಡನ ತೋಟದ ಕೃಷಿಹೊಂಡದಲ್ಲಿ, ಕೈಯಲ್ಲಿ ನೀಲಿ ಬಳೆ ಇದ್ದ ಹಾಗೇ, ಹೆಣವಾಗಿ ಸಿಕ್ಕಳು. ಹೊಂಡಕ್ಕೆ ಹಾಸಿದ್ದ ಕರಿಯ ಪ್ಲಾಸ್ಟಿಕ್ ಹಾಳೆಯ ಮೇಲೆ, ನೀರಿನಿಂದ ಮೊಳದೆತ್ತರಕ್ಕೆ, ಹತ್ತು ಬೆರಳಿನ ಗೀರುಗಳಿದ್ದವು. ಪೊಲೀಸರು ಕಾಲು ಜಾರಿ ಎಂದು ಬರೆದುಕೊಂಡರು. ನಾಲ್ಕು ವರ್ಷವಾಗಿತ್ತು. ಆ ಗೀರುಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಊರಿಗಂತೂ ಅದು ಗೊತ್ತೇ ಇರಲಿಲ್ಲ.

ಹೀಗಿರುವಾಗ, ಮನೆಗೆ ಮರಿ ಹುಳ ತಂದ ದಿನವೇ ಹರಿತಾ ಕಾಲೇಜಿನಿಂದ ಕಣ್ಣು ಕೆಂಪಾಗಿಸಿಕೊಂಡು ಬಂದಳು.

“ಏನಾಯ್ತೇ?” ವೆಂಕಟರತ್ನಮ್ಮ ಸೊಪ್ಪು ಹೆಚ್ಚುತ್ತಿದ್ದ ಮಚ್ಚನ್ನು ಕೆಳಗಿಟ್ಟಳು.

“ಕನ್ನಡ ಮೇಷ್ಟ್ರು ಕ್ಲಾಸಲ್ಲಿ ಅಕ್ಕನ ಕಥೆ ಓದಿದ್ರು.”

“ಯಾವ ಅಕ್ಕ?”

“ನಮ್ಮಕ್ಕ ಅಮ್ಮಾ. ಕರೀ ಹಾಳೆ, ನೀಲಿ ಬಳೆ, ಹತ್ತು ಬೆರಳು. ಎಲ್ಲಾ ಓದಿದ್ರು.”

ನಡೆದದ್ದಿಷ್ಟು. ಮೇಷ್ಟ್ರು ಮೋಹನ್‌ಬಾಬು ಅವತ್ತು ಪಠ್ಯಪುಸ್ತಕ ಮುಚ್ಚಿಟ್ಟು, ತಾವು ಪಿಎಚ್.ಡಿ.ಗಾಗಿ ಹಳ್ಳಿಗಳಲ್ಲಿ ಸಂಗ್ರಹಿಸಿದ ಹೆಂಗಸರ ಕಥೆಗಳಲ್ಲಿ ಒಂದನ್ನು ಓದುತ್ತೇನೆಂದರು. ದನಿ ಏರಿಸಿ ಇಳಿಸಿ, ಉಗುರಿನಿಂದ ಮೇಜನ್ನು ಗೀರಿ ಸದ್ದು ಮಾಡಿ ಓದಿದರು. ಕೊನೆಗೆ, ಹುಡುಗಿ ಯಾವನನ್ನೋ ನೆಚ್ಚಿ ಮೋಸಹೋಗಿ ಹೊಂಡಕ್ಕೆ ಹಾರಿಕೊಂಡಳು ಎನ್ನುವಲ್ಲಿಗೆ ಕಥೆ ಮುಗಿಯಿತು. ಅಷ್ಟರಲ್ಲಿ ಹರಿತಾ ವರಾಂಡದ ಕಂಬ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಗೆಳತಿ ಸಂಘಮಿತ್ರ ಬೆನ್ನು ನೀವಿ ನೀರು ಕುಡಿಸಿದಳು.

ಆಮೇಲೆ ಹರಿತಾ ಸ್ಟಾಫ್ ರೂಮಿಗೆ ಹೋಗಿದ್ದಳು.

“ಸರ್, ಅದು ನಮ್ಮಕ್ಕನ ಕಥೆ.”

ಮೇಷ್ಟ್ರು ಟೀ ಲೋಟದಿಂದ ಕಣ್ಣೆತ್ತಿ ನಕ್ಕಿದ್ದರು. “ಎಲ್ಲರ ಮನೇಲೂ ಒಬ್ಬ ಅಕ್ಕ ಸತ್ತಿರ್ತಾಳಮ್ಮ. ಓದಿದೋರಿಗೆಲ್ಲ ತಮ್ಮದೇ ಕಥೆ ಅನ್ನಿಸ್ಬೇಕು. ಸಾಹಿತ್ಯದ ಶಕ್ತಿ ಅಂದ್ರೆ ಅದೇ.”

“ಓದಬೇಡಿ ಅಂತಿಲ್ಲ ಸರ್. ಇಂಥಾದ್ದು ಬರುತ್ತೆ ಅಂತ ಮೊದ್ಲೇ ಒಂದು ಮಾತು ಹೇಳಿದ್ರೆ, ಆಗದೇ ಇರೋರು ಎದ್ದು ಹೋಗ್ತಾರೆ.”

“ಓಹೋ, ಟ್ರಿಗರ್ ವಾರ್ನಿಂಗ್ ಬೇಕಾ? ಮೊಬೈಲಲ್ಲಿ ನೋಡಿ ಕಲ್ತಿದ್ದಾ? ಎದೆ ಗಟ್ಟಿ ಇಲ್ಲದೋರು ಬಿ.ಎ. ಕನ್ನಡ ಯಾಕಮ್ಮ ತಗೋಬೇಕು? ಟೈಲರಿಂಗ್ ಕಲೀರಿ.”

ಅವತ್ತು ಸಂಜೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಯಾರ ಮುದ್ದೆಯೂ ಅರ್ಧಕ್ಕಿಂತ ಕೆಳಗಿಳಿಯಲಿಲ್ಲ.

“ಅವನಿಗೆ ಗೀರಿನ ವಿಷ್ಯ ಹೇಳ್ದೋರು ಯಾರು?” ವೆಂಕಟರತ್ನಮ್ಮ ಸೌಟು ಹಿಡಿದೇ ಗಂಡನನ್ನು ಕೇಳಿದಳು.

“ನನ್ನ ಯಾಕೆ ನೋಡ್ತೀಯ? ನಾನು ಬಾಯಿಬಿಟ್ಟಿಲ್ಲ.”

“ನಾನು ಹೇಳ್ದೆ,” ಎಂದಳು ಚಿಕ್ಕವೆಂಕಟಮ್ಮ, ಮುದ್ದೆ ಮುರಿಯುತ್ತ. “ಎರಡು ವರ್ಷ ಆಯ್ತು. ಹಾಲಿನ ಡೈರಿ ಗಂಗುಲಪ್ಪ ಆ ಮೇಷ್ಟ್ರನ್ನ ಕರ್ಕೊಂಡು ಬಂದಿದ್ದ. ಕಥೆ ಹೇಳಜ್ಜಿ ಅಂದ್ರು. ಹೇಳ್ದೆ.”

“ಏನಮ್ಮಾ ನೀನು! ಮನೆ ಮಾನ ತಗೊಂಡೋಗಿ ಮೇಷ್ಟ್ರ ಕೈಗೆ ಕೊಟ್ಟೆಯಾ?” ಮುನಿಶಾಮಪ್ಪ ದನಿ ಏರಿಸಿದ.

“ಪೂರಾ ಕೊಡಲಿಲ್ಲ. ಅರ್ಧ ಹೇಳಿದ್ದೆ.”

ಮುನಿಶಾಮಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಗಳ ಕಡೆ ತಿರುಗಿದ. “ನೋಡಮ್ಮ, ಇಂಟರ್ನಲ್ ಮಾರ್ಕ್ಸ್ ಅವರ ಕೈಲಿರ್ತದೆ. ಬಾಯಿ ಮುಚ್ಕೊಂಡು ಓದಂಗಿದ್ರೆ ಓದು. ಇಲ್ಲಾಂದ್ರೆ ಸಾಕು ಕಾಲೇಜು. ಮನೇಲೇ ಇರು.”

ಸಾಕು ಕಾಲೇಜು! ಭಾರ್ಗವಿಗೂ ಇದೇ ಜಾಗದಲ್ಲಿ, ಇದೇ ಗಂಟಲಲ್ಲಿ ಹೇಳಿದ್ದ ಮಾತು. ಅದಾಗಿ ಎರಡು ತಿಂಗಳಿಗೆ ಅವಳ ಹಣೆಗೆ ಬಾಸಿಂಗ ಬಿದ್ದಿತ್ತು. ಹರಿತಾ ತಟ್ಟೆ ಎತ್ತಿಕೊಂಡು ಹೋಗಿ ಮುದ್ದೆಯನ್ನು ಎಮ್ಮೆಯ ಬಾನಿಗೆ ಹಾಕಿದಳು.

ಮರಿ ಹುಳಗಳು ಬೆಳೆದವು. ಕಾಲೇಜಿನ ತಮಾಷೆಯೂ ಬೆಳೆಯಿತು.

ಮರುದಿನದಿಂದ ಮೇಷ್ಟ್ರು ಪಾಠಕ್ಕೆ ಮುಂಚೆ ಎರಡನೆಯ ಬೆಂಚಿನತ್ತ ಕೈ ತೋರಿಸಿ, “ಹರಿತಾ, ಟ್ರಿಗರ್ ವಾರ್ನಿಂಗಮ್ಮ! ಮೂರನೇ ಪ್ಯಾರಾದಲ್ಲಿ ಒಂದು ಇರುವೆ ಸಾಯುತ್ತೆ” ಎನ್ನುತ್ತಿದ್ದರು. ಕ್ಲಾಸು ಗೊಳ್ಳೆನ್ನುತ್ತಿತ್ತು. ವಾರದೊಳಗೆ ಆ ಮಾತು ಬಸ್ಸನ್ನೂ ಹತ್ತಿತು. ದಿಬ್ಬೂರಹಳ್ಳಿಯ ಹುಡುಗರು ಹಿಂದಿನ ಸೀಟಿನಿಂದ ಕೂಗುತ್ತಿದ್ದರು: “ಡ್ರೈವರಣ್ಣ, ಬ್ರೇಕ್ ಹಾಕೋ ಮುಂಚೆ ಹೇಳಣ್ಣೋ! ಇಲ್ಲಿ ಒಬ್ರಿಗೆ ವಾಂತಿ ಬರ್ತದೆ!”

ಹರಿತಾ ಹಲ್ಲು ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಮೇಷ್ಟ್ರ ಬೈಕಿನ ಸೀಟಿಗೆ ಬ್ಲೇಡು ಹಾಕುವುದು, ಟೀಗೆ ಉಪ್ಪು ಬೆರೆಸುವುದು, ಎಲ್ಲವೂ ಮನಸ್ಸಿನಲ್ಲಿ ಆಗಿಹೋದವು. ಒಂದರಿಂದಲೂ ಹೊಟ್ಟೆ ತಣ್ಣಗಾಗಲಿಲ್ಲ.

ಹುಳ ಮೂರನೆಯ ಜ್ವರಕ್ಕೆ ಕೂತ ದಿನ, ಎಂದರೆ ಮೇವು ಬಿಟ್ಟು ತಲೆಯೆತ್ತಿ ಪೊರೆ ಕಳಚುವ ದಿನ, ಮನೆಯವರಿಗೆ ಸ್ವಲ್ಪ ಬಿಡುವು. ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹರಿತಾ ಎದುರು ಕೂತು ಎಲ್ಲವನ್ನೂ ಹೇಳಿಕೊಂಡಳು.

“ಅದೇನೇ ಅದು, ಟಿಗ್ಗರು?”

“ಮುಂದೆ ನೋವಾಗೋ ವಿಷ್ಯ ಬರುತ್ತೆ ಅಂತ ಮೊದ್ಲೇ ಹೇಳೋದಜ್ಜಿ.”

“ಅದಕ್ಕೂ ಇಂಗ್ಲಿಷು ಬೇಕಾ? ನಮ್ಮವ್ವನೂ ಹೇಳೋಳು, ಅವರವ್ವನೂ ಹೇಳೋಳು. ಹೇಳ್ದೆ ಕಥೆ ಹೊಡೆಯೋನು ಕಥೆಗಾರನಲ್ಲ, ಕಳ್ಳ. ಬಾಗಿಲು ತಟ್ಟದೆ ಒಳಕ್ಕೆ ಬರೋನು.”

ಭಾನುವಾರ ಚಿರಂಜೀವಿ ಬಂದ. ನಾಟಿಕೋಳಿ ಸಾರಿನ ಮುಂದೆ ಕೂತು ತಂಗಿಯ ಮಾತು ಕೇಳುತ್ತಿದ್ದಂತೆ ಅವನ ಮೂಗಿನ ಹೊಳ್ಳೆ ಅರಳಿತು.

“ನಮ್ಮ ಶಿಫ್ಟಿನೋರು ನಾಲ್ಕು ಜನ ಸಾಕು. ಬೈಪಾಸ್ ಹತ್ರ ಅಡ್ಡ ಹಾಕಿ ಎರಡು ಬಿಗಿದ್ರೆ, ಮೇಷ್ಟ್ರಿಗೂ ಸಾಹಿತ್ಯದ ಶಕ್ತಿ ಗೊತ್ತಾಗ್ತದೆ.”

“ಹೊಡಿಯೋ ಅಣ್ಣಾ,” ಎಂದಳು ಹರಿತಾ. ಅವಳು ತಮಾಷೆಗೆ ಅಂದದ್ದಲ್ಲ.

“ಏಮಿರಾ ಚಿರಂಜೀವಿ,” ಅಜ್ಜಿ ಮೂಳೆ ಚೀಪುವುದನ್ನು ನಿಲ್ಲಿಸಿದಳು. “ಏಟು ಎರಡು ದಿನಕ್ಕೆ ಆರ್ತದೆ. ಅವನು ಬ್ಯಾಂಡೇಜು ಸುತ್ಕೊಂಡು ಪಾಪದೋನಾಗ್ತಾನೆ, ನೀನು ಸ್ಟೇಷನ್ನಲ್ಲಿ ಕೂತ್ಕೋತೀಯ. ಅಷ್ಟಕ್ಕೆ ನಾನು ಇಷ್ಟು ವರ್ಷ ಕಾದಿದ್ದಾ?”

“ನೀನೇನು ಕಾಯ್ತಿದ್ದೀಯಜ್ಜಿ?”

“ಅವತ್ತು ಮೇಷ್ಟ್ರು ಕಥೆ ಕೇಳೋಕೆ ಬಂದಾಗ, ಅವರ ಹೆಸರು ಕೇಳಿದ ತಕ್ಷಣ ನನಗೆ ಗೊತ್ತಾಯ್ತು, ಇವರೇ ಅಂತ. ಬೇಕಂತಲೇ ಕಥೇನ ಕೊನೆಯಿಂದ ಶುರುಮಾಡ್ದೆ. ಹೊಂಡ ಮೊದ್ಲು, ಹೊಂಡಕ್ಕೆ ತಳ್ಳಿದ್ದು ಆಮೇಲೆ. ಹೊಂಡದ ತನಕ ಊಂ ಊಂ ಅಂದ್ರು. ಆಮೇಲೆ ಫೋನು ನನ್ನ ಮುಂದೆ ಇಟ್ಟು, ‘ಇದು ಕೇಳಿಸ್ಕೊಳ್ತದೆ, ಹೇಳ್ತಿರಜ್ಜಿ’ ಅಂತ ಅಂಗಳಕ್ಕೆ ಹೋಗಿ ಗಂಗುಲಪ್ಪನ ಜೊತೆ ಎಳನೀರು ಕುಡೀತಾ ನಿಂತ್ರು. ಫೋನು ಊಂ ಅಂತದಾ? ನಾನು ನಿಲ್ಲಿಸ್ದೆ. ಬಂದು ಎತ್ಕೊಂಡು ಹೋದ್ರು.”

“ಉಳಿದ ಅರ್ಧದಲ್ಲಿ ಏನೈತೆ?”

“ಅವರೇ ಇದ್ದಾರೆ.”

ಹರಿತಾಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಭಾರ್ಗವಿ ಕಾಲೇಜು ಬಿಟ್ಟದ್ದು ಏಕೆಂದು ಮನೆಯಲ್ಲಿ ಅಜ್ಜಿಯನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಏನೋ ಮಾತು ಬಂತಂತೆ ಎನ್ನುವಷ್ಟೇ.

“ಹೇಳಜ್ಜಿ. ನಾನು ಊಂ ಅಂತೀನಿ.”

“ನಿನ್ನ ಊಂ ಅಲ್ಲ ಕಣೇ ಬೇಕಾಗಿರೋದು. ಸಾಯೋ ಮುಂಚೆ ಹಬ್ಬಕ್ಕೆ ಬಂದಾಗ ನಿಮ್ಮಕ್ಕ ನನ್ನ ಮಡಿಲಲ್ಲಿ ತಲೆ ಇಟ್ಟು ಹೇಳಿದ್ಲು. ‘ಅಜ್ಜಿ, ಇದನ್ನ ಅವರಿಗೇ ಒಂದಿನ ಹೇಳು’ ಅಂದ್ಲು. ಮಾತು ಕೊಟ್ಟಿದ್ದೀನಿ.”

“ಹಂಗಾದ್ರೆ ನಾನೂ ಮಾತು ಕೊಡ್ತೀನಿ,” ಎಂದಳು ಹರಿತಾ. “ಅವರ ಬಾಯಿಂದ ಕೊನೇ ತನಕ ಊಂ ಅನ್ನಿಸ್ತೀನಿ. ಅಲ್ಲೀವರೆಗೂ ನಾನು ಕಾಲೇಜು ಬಿಡಲ್ಲ.”

ಆದರೆ ಕಾಲೇಜು ಬಿಡಿಸುವ ಕೆಲಸಕ್ಕೆ ಮುನಿಶಾಮಪ್ಪ ಆಗಲೇ ಕೈ ಹಾಕಿದ್ದ. ಮುಂದಿನ ಬುಧವಾರ, ಗೊಬ್ಬರ ತರುತ್ತೇನೆಂದು ಶಿಡ್ಲಘಟ್ಟಕ್ಕೆ ಹೋದವನು ನೇರ ಕಾಲೇಜಿಗೆ ಹೋದ. ಅವನ ಅರ್ಜಿ ಸ್ಟಾಫ್ ರೂಮಿನ ಬಾಗಿಲಲ್ಲೇ ಮುಗಿಯಿತಂತೆ. ಮರುದಿನ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ದೊಡ್ಡ ಮನಸ್ಸು ಮಾಡಿದರು.

“ಹರಿತಾ, ನಿಮ್ಮಪ್ಪ ಬಂದಿದ್ರು. ಕೈ ಮುಗಿದು ಕ್ಷಮೆ ಕೇಳಿದ್ರಮ್ಮ. ಈ ವರ್ಷ ಮುಗಿಸಿ ಮದುವೆ ಮಾಡ್ತೀನಿ, ಅಲ್ಲೀ ತನಕ ಮಗೂನ ಪಾಸು ಮಾಡಿಬಿಡಿ ಸ್ವಾಮಿ ಅಂದ್ರು. ಒಳ್ಳೇ ಮನುಷ್ಯ. ನಾನು ಕ್ಷಮಿಸಿದ್ದೀನಿ.”

ಆ ಸಂಜೆ ಹುಳದ ಮನೆಯಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಲೇ ಜಗಳ ಹತ್ತಿತು.

“ನಾನು ಏನು ತಪ್ಪು ಮಾಡಿದ್ದೆ ಅಂತ ಕೈ ಮುಗಿದೆಯಪ್ಪಾ?”

“ತಪ್ಪು ಮಾಡ್ದೋರೇ ಕೈ ಮುಗೀಬೇಕು ಅಂತಿಲ್ಲ. ಬಗ್ಗಿದ್ರೆ ಏಟು ಮೇಲೆ ಹೋಗ್ತದೆ.”

“ಮೇಲೆ ಹೋಗಲ್ಲ, ಹಿಂದೆ ನಿಂತೋರಿಗೆ ಬೀಳ್ತದೆ!” ವೆಂಕಟರತ್ನಮ್ಮನ ದನಿ ತಗಡಿನ ಮಾಡಿಗೆ ಬಡಿಯಿತು. “ಅವತ್ತೂ ಹಿಂಗೇ ಬಗ್ಗಿದೆ. ಭಾರ್ಗವಿ ಅಳ್ತಾ ಬಂದ್ರೆ ಯಾಕೆ ಅಂತ ಒಂದು ಮಾತು ಕೇಳ್ದೆಯಾ? ಗಂಡು ಹುಡುಕಕ್ಕೆ ಹೋದೆ.”

“ಸುಮ್ನಿರೇ! ಹುಳದ ಮುಂದೆ ಕಿರುಚಬೇಡ.”

“ಹುಳಕ್ಕಿರೋ ಮರ್ಯಾದೆ ಹೆಣ್ಣುಮಕ್ಕಳಿಗಿಲ್ಲ ಈ ಮನೇಲಿ.”

ಮುನಿಶಾಮಪ್ಪ ಹೊರೆಯ ಹಗ್ಗ ಎಸೆದು ಎದ್ದು ಹೋದ. ಯಾವ ಮಾತಿಗೂ ಕೊನೆಯ ತನಕ ಕೂರುವವನಲ್ಲ ಅವನು. ಭಾರ್ಗವಿಯ ಹೆಸರನ್ನು ಹೆಂಡತಿ ಎತ್ತಿದರೆ ಅವನಿಗೆ ತೋಟದಲ್ಲಿ ಮೋಟಾರು ಆಫ್ ಮಾಡುವುದು ನೆನಪಾಗುತ್ತಿತ್ತು. ಬಾಗಿಲವರೆಗೆ ಹೋಗಿ ಅಲ್ಲಿಂದಲೇ ಕೂಗಿದ: “ವರ್ಷ ಮುಗಿಯೋದೂ ಬೇಡ, ಈ ಬೆಳೆ ಗೂಡು ಬಿಡಿಸಿದ ಮೇಲೆ ಕಾಲೇಜು ಬಂದ್! ಅಷ್ಟೇ!”

ಚಿಕ್ಕವೆಂಕಟಮ್ಮ ಹುಳದ ಮೇಲೆ ಸೊಪ್ಪು ಹರವುತ್ತ, ಮಗ ಹೋದ ದಾರಿಯನ್ನೇ ನೋಡುತ್ತಿದ್ದಳು.

ಕಥೆ ಕುಂಟುತ್ತ ಮನೆ ಹುಡುಕಿಕೊಂಡು ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಈ ಸಲ ಅದು ಡೈರಿ ಗಂಗುಲಪ್ಪನ ಟಿವಿಎಸ್ ಏರಿ ಬಂತು.

“ಚಿಕ್ಕವೆಂಕಟಮ್ಮನೋರೇ, ಆ ಮೇಷ್ಟ್ರು ಫೋನ್ ಮಾಡಿದ್ರು. ಅವರ ಡಾಕ್ಟರ್ ಪುಸ್ತಕಕ್ಕೆ ಕಥೆ ಹೇಳ್ದೋರ ಹೆಬ್ಬೆಟ್ಟು ಬೇಕಂತೆ. ಎಲ್ಲರದೂ ಆಗಿದೆಯಂತೆ, ನಿಮ್ಮದೊಂದೇ ಬಾಕಿ. ಅದಿಲ್ದೆ ಯೂನಿವರ್ಸಿಟಿನೋರು ಒಳಕ್ಕೇ ತಗೊಳ್ಳಲ್ವಂತೆ. ಬರೋ ಸೋಮವಾರ ಕೊನೇ ದಿನ. ನಾಳೆ ಕರ್ಕೊಂಡು ಬರ್ಲಾ?”

ಹರಿತಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೊಪ್ಪಿನ ಮೇಲಿದ್ದ ಒಂದು ಹುಳವನ್ನು ಅಂಗೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

“ನಾಳೆ ಬೇಡಪ್ಪಾ. ಭಾನುವಾರ ಬರೋಕೇಳು. ಅವತ್ತಿಗೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬರ್ತವೆ.”

“ಅಯ್ಯೋ, ಹುಳ ಹಣ್ಣಾಗೋ ದಿನ ನಿಮಗೆಲ್ಲಿ ಪುರುಸೊತ್ತು?”

“ಅದಕ್ಕೇ,” ಎಂದಳು ಅಜ್ಜಿ.

ಗಂಗುಲಪ್ಪ ಹೋದ ಮೇಲೆ ಹರಿತಾ ಕೇಳಿದಳು, “ಅದಕ್ಕೇ ಅಂದ್ರೆ?”

“ಹಣ್ಣು ಹುಳ ಕಾಯಲ್ಲ ಕಣೇ. ಆರಿಸಿ ಚಂದ್ರಿಕೆ ಮೇಲೆ ಬಿಡದಿದ್ರೆ ಎಲ್ಲೆಂದ್ರಲ್ಲಿ ಗೂಡು ಕಟ್ಟಿ ಬೆಳೆ ಹಾಳು. ಅವತ್ತು ಈ ಮನೇಲಿ ಯಾರೂ ಎದ್ದು ಹೋಗಂಗಿಲ್ಲ. ನಿಮ್ಮಪ್ಪನೂ.”

ಹರಿತಾಗೆ ಅರ್ಥವಾಯಿತು. ಆದರೂ ಒಂದು ಅನುಮಾನ. “ಅಜ್ಜಿ, ಅವರಿಗೆ ಮಾತ್ರ ಮುಂದೆ ಕೇಡೈತೆ ಅಂತ ಹೇಳಬೇಡ. ನನಗೆ ಹೇಳಿದ್ರಾ ಅವರು? ದಡ್ ಅಂತ ಬೀಳಲಿ.”

“ಹೇಳ್ತೀನಿ. ಹೇಳ್ದೆ ಹೊಡೆಯೋದು ಅವರ ಬುದ್ಧಿ. ಹೇಳಿ ಹೊಡೆಯೋದು ನಂದು.”

ಭಾನುವಾರ ಬೆಳಿಗ್ಗೆ ಎದ್ದಾಗ ಹುಳಗಳು ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ತಲೆಯಾಡಿಸುತ್ತ ನೂಲಿಗೆ ಜಾಗ ಹುಡುಕುತ್ತಿದ್ದವು. ಮನೆಮಂದಿಯೆಲ್ಲ ಹುಳದ ಮನೆ ಸೇರಿದರು. ಆರಿಸುವುದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿ, ಚಂದ್ರಿಕೆಯ ಸುತ್ತುಗಳ ನಡುವೆ ಬಿಡುವುದು. ಚಿರಂಜೀವಿ ತುಂಬಿದ ಚಂದ್ರಿಕೆಗಳನ್ನು ಹೊರಗೆ ನೆರಳಿಗೆ ಒರಗಿಸುತ್ತಿದ್ದ. ಅಮ್ಮ ಚಿತ್ರಾನ್ನ ಕಲಸಿ ಬಾಗಿಲ ಪಕ್ಕ ಇಟ್ಟಿದ್ದಳು. ಯಾರಿಗೂ ತಿನ್ನುವ ಬಿಡುವಿರಲಿಲ್ಲ.

ಹನ್ನೊಂದಕ್ಕೆ ಮೇಷ್ಟ್ರು ಬಂದರು. ಒಂದು ಕೈಯಲ್ಲಿ ಸೇಬು, ಮೋಸಂಬಿ, ಒಂದು ಸೀರೆ ಇದ್ದ ಚೀಲ, ಇನ್ನೊಂದರಲ್ಲಿ ಫೈಲು, ಇಂಕ್ ಪ್ಯಾಡು. ಬಾಗಿಲಿಗೆ ಬಂದ ಹರಿತಾಳನ್ನು ನೋಡಿ ಬೆಚ್ಚಿದರು.

“ನೀನಾ? ಇದು ನಿಮ್ಮನೇನಾ?”

“ಹೌದು ಸರ್. ಹುಳಕ್ಕೆ ಸೋಂಕು ತಗಲದಂಗೆ ಕಾಲು ತೊಳ್ಕೊಂಡು ಸುಣ್ಣ ತುಳಿದು ಬನ್ನಿ. ಸೆಂಟು ಹಾಕ್ಕೊಂಡಿದ್ದೀರ, ಹುಳಕ್ಕಾಗಲ್ಲ. ಶರ್ಟು ತೆಗೆದು ಈ ಟವಲ್ ಹೊದ್ಕೊಳ್ಳಿ.”

ಬನಿಯನ್ನಿನ ಮೇಲೆ ಮುನಿಶಾಮಪ್ಪನ ಕೆಂಪು ಟವಲು ಹೊದ್ದು, ಸುಣ್ಣದ ಪಾದದಲ್ಲಿ ಒಳಗೆ ಬಂದ ಮೇಷ್ಟ್ರನ್ನು ನೋಡಿ ಹರಿತಾಗೆ ಮೊದಲ ಸಲ ಒಂದಿಷ್ಟು ಹೊಟ್ಟೆ ತಣ್ಣಗಾಯಿತು. ಮುನಿಶಾಮಪ್ಪ ಎರಡೂ ಕೈಯಲ್ಲಿ ಹುಳ ತುಂಬಿಕೊಂಡಿದ್ದರಿಂದ ಕೈ ಮುಗಿಯಲಾಗದೆ ತಲೆ ಬಗ್ಗಿಸಿದ.

“ಒಂದು ನಿಮಿಷದ ಕೆಲಸ ಅಜ್ಜಿ. ಹೆಬ್ಬೆಟ್ಟು ಕೊಟ್ಟುಬಿಡಿ, ಹೊರಡ್ತೀನಿ.”

“ಹೆಬ್ಬೆಟ್ಟು ಕೆಲಸದಲ್ಲೈತೆ, ಕೂತ್ಕೊಳ್ಳಿ ಮೇಷ್ಟ್ರೇ. ಹರಿತಾ, ಆ ಕಾಗದದಲ್ಲಿ ಏನು ಬರ್ದೈತೆ ಓದೇ.”

ಹರಿತಾ ಗಟ್ಟಿಯಾಗಿ ಓದಿದಳು: “ನಾನು ಹೇಳಿದ ಪೂರ್ಣ ಕಥೆಯನ್ನು ಬಳಸಲು ಸ್ವಇಚ್ಛೆಯಿಂದ ಒಪ್ಪಿರುತ್ತೇನೆ.”

“ಪೂರ್ಣ ಎಲ್ಲಿ ಹೇಳಿದ್ದೀನಿ? ಅರ್ಧಕ್ಕೇ ನಿಲ್ಲಿಸಿದ್ದೆ. ಸುಳ್ಳು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ನರಕ ಅಲ್ವಾ?”

ಮೇಷ್ಟ್ರ ಕಣ್ಣು ಮಿನುಗಿತು. “ಇನ್ನೂ ಅರ್ಧ ಇದೆಯಾ? ಹೇಳಿ ಹೇಳಿ, ಅದನ್ನೂ ಸೇರಿಸೋಣ.” ತಾವಾಗಿಯೇ ಫೋನು ತೆಗೆದು ರೆಕಾರ್ಡಿಂಗ್ ಒತ್ತಿ ಅಜ್ಜಿಯ ಮುಂದಿಟ್ಟರು.

“ಫೋನು ಇರ್ಲಿ. ಆದ್ರೆ ಊಂ ನೀವೇ ಅನ್ಬೇಕು. ಊಂ ನಿಂತ್ರೆ ಕಥೆ ನಿಲ್ತದೆ, ಹೆಬ್ಬೆಟ್ಟೂ ನಿಲ್ತದೆ.” ಅಜ್ಜಿ ಒಂದು ಹುಳವನ್ನು ಚಂದ್ರಿಕೆಗೆ ಬಿಟ್ಟಳು. “ಮುಂದೆ ಕೇಡೈತೆ. ಎದ್ದು ಹೋಗೋರು ಈಗ್ಲೇ ಎದ್ದು ಹೋಗಿ.”

ಹಾಗೆನ್ನುವಾಗ ಅಜ್ಜಿ ನೋಡುತ್ತಿದ್ದದ್ದು ಮೇಷ್ಟ್ರನ್ನಲ್ಲ, ಮಗನನ್ನು. ಮುನಿಶಾಮಪ್ಪ ಬಾಗಿಲ ಕಡೆ ನೋಡಿದ. ಮುಂದೆ ಹರಡಿದ್ದ ಹಣ್ಣು ಹುಳಗಳನ್ನು ನೋಡಿದ. ಕೂತೇ ಇದ್ದ.

“ನನಗೇನಜ್ಜಿ, ಇಂಥಾವು ಇನ್ನೂರು ಕೇಳಿದ್ದೀನಿ,” ಎಂದು ಮೇಷ್ಟ್ರು ನಕ್ಕರು.

“ಒಂದೂರಲ್ಲಿ ಒಬ್ಳು ಹುಡುಗಿ ಇದ್ಲು. ನಾನು ಆಗಲೇ ಹೇಳಿದ್ನಲ್ಲ, ಹೊಂಡದಲ್ಲಿ ಸತ್ತಳು, ಅವಳೇ. ಸಾಯೋ ಮುಂಚೆ, ಮದುವೆಗೂ ಮುಂಚೆ.”

“ಊಂ.”

“ಕಾಲೇಜಿಗೆ ಹೋಗೋಳು. ಬಸ್ಸಲ್ಲಿ ಸೀಟು ಸಿಕ್ದೆ ನಿಂತ್ಕೊಂಡೇ ಓದೋಳು.”

“ಊಂ.”

“ಒಂದಿನ ಕ್ಲಾಸಲ್ಲಿ ಮೇಷ್ಟ್ರು ಅವಳನ್ನ ಎಬ್ಬಿಸಿ, ಪಾಠ ಗಟ್ಟಿಯಾಗಿ ಓದು ಅಂದ್ರು. ಪಾಠದಲ್ಲಿ ಒಂದು ಹೆಣ್ಣುಮಗು. ಮನೆಗೆ ಬಂದ ನೆಂಟ ಆ ಮಗೂಗೆ ಮಾಡಬಾರದ್ದು ಮಾಡ್ತಾನೆ.”

“ಊಂ.”

“ಮೊದ್ಲೇ ಯಾರೂ ಹೇಳಿರಲಿಲ್ಲ. ಓದ್ತಾ ಓದ್ತಾ ಹುಡುಗಿ ಒಂದು ಸಾಲಲ್ಲಿ ನಿಂತ್ಬಿಟ್ಲು. ನಾಲಿಗೆ ಏಳಲಿಲ್ಲ.”

“ಊಂ... ಯಾಕೆ?”

“ಯಾಕೋ. ನನ್ನ ಮಡಿಲಲ್ಲಿ ಬೆಳೆದೋಳು, ನಾನೇ ಕೇಳಲಿಲ್ಲ. ಕೇಳಬಾರದ್ದು ಅಂತ ಒಂದಿರ್ತದೆ. ಆದ್ರೆ ಮೇಷ್ಟ್ರು ಕೇಳಿದ್ರು. ಐವತ್ತು ಮಂದಿ ಮುಂದೆ ನಕ್ಕೊಂಡು ಕೇಳಿದ್ರು: ‘ಏನಮ್ಮಾ ಭಾರ್ಗವಿ, ಸ್ವಂತ ಅನುಭವಾನಾ?’”

ಊಂ ಬರಲಿಲ್ಲ.

ಅಜ್ಜಿಯೂ ನಿಲ್ಲಿಸಿದಳು. ಹರಿತಾಳ ಕೈಯಲ್ಲಿದ್ದ ಹುಳ ಬೆರಳಿನ ಸಂದಿಯಲ್ಲೇ ಎಳೆ ಬಿಡತೊಡಗಿತ್ತು. ಎರಡು ಮಾತು. ಅಷ್ಟೇ. ಅಕ್ಕನಿಗೆ ‘ಸ್ವಂತ ಅನುಭವ’, ತನಗೆ ‘ಟ್ರಿಗರ್ ವಾರ್ನಿಂಗ್’.

“ಅಜ್ಜಿ, ಅದು... ಕ್ಲಾಸಲ್ಲಿ ಏನೋ ತಮಾಷೆಗೆ... ನನಗೆ ನೆನಪೂ ಇಲ್ಲ...”

“ಕಥೆ ಮಧ್ಯೆ ಬೇರೆ ಮಾತಾಡಂಗಿಲ್ಲ. ಊಂ ಅನ್ನಿ. ಇಲ್ಲಾಂದ್ರೆ ಎದ್ದು ಹೋಗಿ. ಮೊದ್ಲೇ ಹೇಳಿದ್ನಲ್ಲ.”

ಮೇಷ್ಟ್ರ ಕಣ್ಣು ಫೈಲಿನ ಮೇಲೆ ಬಿತ್ತು. ಟವಲಿನ ತುದಿಯಿಂದ ಹಣೆ ಒರೆಸಿಕೊಂಡರು. “...ಊಂ.”

“ಕ್ಲಾಸು ನಕ್ತು. ಸಂಜೆಗೆ ಬಸ್ಸು ನಕ್ತು. ‘ಸ್ವಂತ ಅನುಭವ ಬಂತು, ದಾರಿ ಬಿಡ್ರೋ’ ಅನ್ನೋರು. ಹದಿನೈದು ದಿನ ತಡ್ಕೊಂಡ್ಲು. ಆಮೇಲೆ ಮನೆಗೆ ಬಂದು, ಅಪ್ಪಾ ನಾನು ಕಾಲೇಜಿಗೆ ಹೋಗಲ್ಲ ಅಂದ್ಲು. ಅಪ್ಪ ಯಾಕೆ ಅಂತ ಕೇಳಲಿಲ್ಲ. ಸಾಕು ಕಾಲೇಜು ಅಂದ.”

ಮತ್ತೆ ಊಂ ಬರಲಿಲ್ಲ. ಮೇಷ್ಟ್ರು ನೆಲ ನೋಡುತ್ತಿದ್ದರು. ಅಜ್ಜಿ ಕಾದಳು.

“ಊಂ,” ಎಂದ ಮುನಿಶಾಮಪ್ಪ.

ವೆಂಕಟರತ್ನಮ್ಮ ತಟ್ಟನೆ ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ಯಾರನ್ನೂ ನೋಡಲಿಲ್ಲ. ಅವನ ಕೈ ಹುಳ ಆರಿಸುತ್ತಲೇ ಇತ್ತು.

“ಎರಡು ತಿಂಗಳಲ್ಲಿ ಗಂಡು ನೋಡ್ದ.”

“ಊಂ,” ಮತ್ತೆ ಮುನಿಶಾಮಪ್ಪನೇ ಅಂದ.

“ಆ ಮಾತು ಬಸ್ಸು ಬದಲಾಯಿಸಿ ಚಿಂತಾಮಣಿಗೂ ಬಂತು. ಗಂಡನ ಕಿವಿಗೆ ಬಿತ್ತು. ದಿನಾ ಊಟಕ್ಕೆ ಕೂತಾಗ ಅವನೂ ಅದನ್ನೇ ಕೇಳೋನು, ಸ್ವಂತ ಅನುಭವಾನಾ, ಯಾವನ ಜೊತೆ, ಅಂತ. ಅವಳು ಯಾರನ್ನೂ ನೆಚ್ಚಿರಲಿಲ್ಲ ಮೇಷ್ಟ್ರೇ. ಆ ಬಾಲ ನೀವು ಅಂಟಿಸಿದ್ದು. ಊಂ ಅನ್ನಿ.”

“ಊಂ.”

“ಒಂದಿನ ಹೊಂಡಕ್ಕೆ ಹೋದ್ಲು. ಜಾರಿದ್ಲೋ ಹಾರಿದ್ಲೋ, ನಾನು ಕಂಡಿಲ್ಲ, ನೀವೂ ಕಂಡಿಲ್ಲ. ಆದ್ರೆ ಹತ್ತಕ್ಕೆ ನೋಡಿದ್ಲು. ಹತ್ತು ಬೆರಳಲ್ಲೂ ಹತ್ತಕ್ಕೆ ನೋಡಿದ್ಲು. ಅದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಬದುಕಬೇಕು ಅಂತಿದ್ದೋಳು ನನ್ನ ಮೊಮ್ಮಗಳು.”

“ಊಂ” ಎಂದರು ಮುನಿಶಾಮಪ್ಪ, ವೆಂಕಟರತ್ನಮ್ಮ, ಬಾಗಿಲಲ್ಲಿ ಚಂದ್ರಿಕೆ ಹಿಡಿದು ನಿಂತ ಚಿರಂಜೀವಿ. ಹರಿತಾಳ ಬಾಯಿಂದಲೂ ಅದು ತಾನಾಗಿ ಬಂತು.

“ಇನ್ನೊಂದೇ ಮಾತೈತೆ,” ಎಂದಳು ಅಜ್ಜಿ. “ಆ ಮೇಷ್ಟ್ರು ಇವತ್ತಿಗೂ ಅದೇ ಕಾಲೇಜಲ್ಲಿ ಪಾಠ ಮಾಡ್ತಾವ್ರೆ. ಅವರ ಹೆಸರು ಮೋಹನ್‌ಬಾಬು.”

ಮೇಷ್ಟ್ರು ಎದ್ದರು. ಫೋನಿನತ್ತ ಕೈ ಚಾಚಿದರು. ಅವರಿಗಿಂತ ಮುಂಚೆ ಹರಿತಾಳ ಕೈ ಅದರ ಮೇಲಿತ್ತು.

“ಕಥೆ ಮುಗಿದಿಲ್ಲ ಸರ್. ಟ್ರಿಗರ್ ವಾರ್ನಿಂಗ್ ಕೊಟ್ಟಿದ್ವಲ್ಲ?”

“ಇದನ್ನ ಡಿಲೀಟ್ ಮಾಡಮ್ಮ. ಮುನಿಶಾಮಪ್ಪನೋರೇ, ನೀವಾದ್ರೂ ಹೇಳಿ...”

ಮುನಿಶಾಮಪ್ಪ ಕೈಯಲ್ಲಿದ್ದ ಕೊನೆಯ ಹುಳವನ್ನು ಚಂದ್ರಿಕೆಗೆ ಬಿಟ್ಟು, ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. ಈಗ ಎರಡೂ ಕೈ ಖಾಲಿಯಾಗಿದ್ದವು. ಆದರೂ ಅವನು ಕೈ ಮುಗಿಯಲಿಲ್ಲ. “ನಾಳೆ ನನ್ನ ಮಗಳ ಜೊತೆ ನಾನೂ ಕಾಲೇಜಿಗೆ ಬರ್ತೀನಿ ಮೇಷ್ಟ್ರೇ. ಪ್ರಿನ್ಸಿಪಾಲರಿಗೂ ಈ ಕಥೆ ಕೇಳಬೇಕು ಅನ್ನಿಸ್ಬೋದು. ಮೊದ್ಲು ನೀವು ಕೇಳಿ ಮುಗಿಸಿ. ನಮ್ಮವ್ವ ಕಾಯ್ತಾವ್ಳೆ.”

ಮೇಷ್ಟ್ರು ಬಾಗಿಲು ನೋಡಿದರು. ಚಿರಂಜೀವಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೋಗಬಹುದಿತ್ತು. ಆದರೆ ಫೈಲು ಅಜ್ಜಿಯ ಕಾಲ ಬಳಿಯಿತ್ತು, ಖಾಲಿ ಚೌಕದ ಸಮೇತ, ಮತ್ತು ಮರುದಿನವೇ ಗಡುವಿನ ಸೋಮವಾರವಾಗಿತ್ತು. ಸುಣ್ಣದ ಪಾದ ಒಳಗೆಳೆದುಕೊಂಡು ಕೂತರು. ತುಟಿ ಎರಡು ಸಲ ಸುಮ್ಮನೆ ಅಲುಗಿತು.

“ಕೇಳಿಸಲಿಲ್ಲ,” ಎಂದಳು ಹರಿತಾ.

“ಊಂ.”

ಚಿಕ್ಕವೆಂಕಟಮ್ಮ ಮನೆಯೊಳಗೆ ಭಾರ್ಗವಿಯ ಫೋಟೋ ಇದ್ದ ಗೋಡೆಯ ಕಡೆ ಒಂದು ಸಲ ನೋಡಿದಳು. ಇಂಕ್ ಪ್ಯಾಡಿನ ಮೇಲೆ ಹೆಬ್ಬೆಟ್ಟು ಉಜ್ಜಿ, ‘ಪೂರ್ಣ ಕಥೆ’ ಎಂದಿದ್ದ ಅಕ್ಷರಗಳ ಪಕ್ಕದ ಚೌಕದಲ್ಲಿ ಬಲವಾಗಿ ಒತ್ತಿದಳು. ಕಾಗದವನ್ನು ಅವರ ಕಡೆ ತಳ್ಳಿದಳು.

“ತಗೊಳ್ಳಿ. ಈಗ ಅದಕ್ಕೆ ಎರಡು ಕಾಲಾಯ್ತು. ಇನ್ನು ಎಲ್ಲಿಗೆ ಬೇಕೋ ಅದೇ ನಡ್ಕೊಂಡು ಹೋಗ್ತದೆ.”